ಕಿಣ್ವಕ್ಕೆ ಜೀವ ಇದೆಯೇ? ಒಂದೇ ಕೈಯಲ್ಲಿ ಉತ್ತರ ಹುಡುಕಿದ ಜೇಮ್ಸ್ ಸಮ್ನರ್

ಬಸ್ ನಿಲ್ದಾಣದ ಶೌಚಾಲಯ ಇನ್ನೂ ಇಪ್ಪತ್ತು ಹೆಜ್ಜೆ ದೂರ ಇರುವಾಗಲೇ ಮೂಗಿಗೆ ಗೊತ್ತಾಗಿಬಿಡುತ್ತದೆ. ಕಣ್ಣು ಉರಿಸುವ ಆ ಘಾಟು ಅಮೋನಿಯಾದ್ದು. ಆದರೆ ಆರೋಗ್ಯವಂತರ ಮೂತ್ರ ದೇಹದಿಂದ ಹೊರಬಂದ ಕೂಡಲೇ ಅಷ್ಟು ಘಾಟಾಗಿರುವುದಿಲ್ಲ. ಅದರಲ್ಲಿ ಇರುವುದು ಯೂರಿಯಾ. ನೆಲದ ಮೇಲಿನ ಬ್ಯಾಕ್ಟೀರಿಯಾಗಳು ಆ ಯೂರಿಯಾವನ್ನು ಒಡೆದಾಗ ಅಮೋನಿಯಾ ಹೊರಬರುತ್ತದೆ. ಒಡೆಯಲು ಅವು ಬಳಸುವ ವಸ್ತುವಿನ ಹೆಸರು ಯೂರಿಯೇಸ್. ಅದೊಂದು ಕಿಣ್ವ, ಅಂದರೆ ಎನ್‌ಜೈಮ್.

ನೀರಿನಲ್ಲಿ ಕರಗಿದ ಯೂರಿಯಾ ತನ್ನಷ್ಟಕ್ಕೆ ತಾನೇ ಒಡೆಯಬೇಕಾದರೆ ವರ್ಷಗಳೇ ಬೇಕು. ಯೂರಿಯೇಸ್‌ನ ಒಂದೇ ಒಂದು ಅಣು ಒಂದು ಸೆಕೆಂಡಿನಲ್ಲಿ ಸಾವಿರಾರು ಯೂರಿಯಾ ಅಣುಗಳನ್ನು ಒಡೆಯುತ್ತದೆ.

ಇಷ್ಟು ವೇಗವಾಗಿ ಕೆಲಸ ಮಾಡುವ ಈ ಕಿಣ್ವ ಎಂಬುದು ಏನು? ಅದಕ್ಕೆ ಜೀವ ಇದೆಯೇ? ಅದು ಯಾವುದಾದರೂ ಶಕ್ತಿಯೇ? ಅಥವಾ ಸಕ್ಕರೆ, ಉಪ್ಪಿನ ಹಾಗೆ ಬಾಟಲಿಯಲ್ಲಿ ತುಂಬಿಡಬಹುದಾದ ಒಂದು ವಸ್ತುವೇ? 1926ರವರೆಗೆ ಇದಕ್ಕೆ ಖಚಿತ ಉತ್ತರ ಇರಲಿಲ್ಲ. ಉತ್ತರ ಕೊಟ್ಟವರು ಅಮೆರಿಕದ ಜೇಮ್ಸ್ ಸಮ್ನರ್. ರಸಾಯನಶಾಸ್ತ್ರ ನಿನಗಲ್ಲ, ಒಂದು ಕೈ ಇಲ್ಲದವನಿಗೆ ಅದು ಆಗದ ಕೆಲಸ ಎಂದು ಗುರುಗಳಿಂದಲೇ ಹೇಳಿಸಿಕೊಂಡಿದ್ದ ಮನುಷ್ಯ.

ಮೊದಲು, ಕಿಣ್ವ ಮಾಡುವ ಕೆಲಸ ಏನು?

ನಮ್ಮ ದೇಹದಲ್ಲಿ ಪ್ರತಿ ಕ್ಷಣ ಸಾವಿರಾರು ಬಗೆಯ ರಾಸಾಯನಿಕ ಕ್ರಿಯೆಗಳು ನಡೆಯುತ್ತಿರುತ್ತವೆ. ಅನ್ನದ ಪಿಷ್ಟ ಸಕ್ಕರೆಯಾಗಬೇಕು, ಬೇಳೆಯ ಪ್ರೋಟೀನ್ ತುಂಡಾಗಬೇಕು, ಉಸಿರಾಡಿದ ಆಮ್ಲಜನಕ ಬಳಕೆಯಾಗಬೇಕು. ಈ ಕ್ರಿಯೆಗಳಲ್ಲಿ ಹೆಚ್ಚಿನವು ಕಿಣ್ವ ಇಲ್ಲದಿದ್ದರೆ ಬದುಕಿಗೆ ಸಾಲುವಷ್ಟು ವೇಗದಲ್ಲಿ ನಡೆಯುವುದೇ ಇಲ್ಲ.

ಘಟ್ಟ ದಾಟುವುದನ್ನು ನೆನಪಿಸಿಕೊಳ್ಳಿ. ಬೆಟ್ಟ ಹತ್ತಿ ಇಳಿದರೆ ದಿನವಿಡೀ ಬೇಕು. ಬೆಟ್ಟದೊಳಗೆ ಸುರಂಗ ಕೊರೆದರೆ ನಿಮಿಷಗಳಲ್ಲಿ ಆಚೆ ಬದಿ ತಲುಪಬಹುದು. ಎರಡೂ ದಾರಿ ಸೇರುವ ಊರು ಒಂದೇ, ದಾರಿಯ ಕಷ್ಟ ಮಾತ್ರ ಕಡಿಮೆಯಾಗಿದೆ. ಕಿಣ್ವ ಮಾಡುವುದು ಇದನ್ನೇ. ಆಗದ ಕ್ರಿಯೆಯನ್ನು ಅದು ಆಗಿಸುವುದಿಲ್ಲ, ಆಗುವ ಕ್ರಿಯೆಗೆ ಸುಲಭದ ದಾರಿ ಮಾಡಿಕೊಡುತ್ತದೆ. ಕೆಲಸ ಮುಗಿದ ಮೇಲೆ ತಾನು ಕರಗಿ ಹೋಗದೆ ಮುಂದಿನ ಅಣುವಿಗೆ ಕೈ ಹಾಕುತ್ತದೆ. ಹಾಗಾಗಿ ಚಿಟಿಕೆಯಷ್ಟು ಕಿಣ್ವ ಸಾಕು, ರಾಶಿ ಕೆಲಸ ಮಾಡಿ ಮುಗಿಸುತ್ತದೆ.

ಇನ್ನೊಂದು ಗುಣವೂ ಇದೆ. ಪ್ರತಿ ಕಿಣ್ವಕ್ಕೂ ತನ್ನದೇ ಕೆಲಸ. ಯೂರಿಯೇಸ್ ಒಡೆಯುವುದು ಯೂರಿಯಾವನ್ನು, ಪಿಷ್ಟವನ್ನು ಅದು ಮುಟ್ಟುವುದಿಲ್ಲ. ನಮ್ಮ ಜೊಲ್ಲಿನಲ್ಲಿರುವ ಅಮೈಲೇಸ್ ಪಿಷ್ಟವನ್ನು ಒಡೆಯುತ್ತದೆ, ಯೂರಿಯಾ ಅದಕ್ಕೆ ಬೇಡ. ಬೀಗಕ್ಕೆ ತಕ್ಕ ಕೀಲಿ ಇರುವಂತೆ ಕಿಣ್ವದ ಆಕಾರಕ್ಕೆ ತಕ್ಕ ವಸ್ತು ಮಾತ್ರ ಅದರಲ್ಲಿ ಕೂರುತ್ತದೆ ಎಂದು 1894ರಲ್ಲೇ ಜರ್ಮನಿಯ ಎಮಿಲ್ ಫಿಷರ್ ಊಹಿಸಿದ್ದರು. ಮುಂದೆ 1958ರಲ್ಲಿ ಡೇನಿಯಲ್ ಕೋಶ್ಲ್ಯಾಂಡ್ ಅದಕ್ಕೆ ಒಂದು ತಿದ್ದುಪಡಿ ಸೇರಿಸಿದರು: ವಸ್ತು ಬಂದು ಕೂತಾಗ ಕಿಣ್ವವೂ ಸ್ವಲ್ಪ ಬಾಗಿ ಹೊಂದಿಕೊಳ್ಳುತ್ತದೆ.

ಕೆಲಸ ಕಣ್ಣಿಗೆ ಕಾಣುತ್ತಿತ್ತು, ಕೆಲಸಗಾರ ಮಾತ್ರ ಸಿಕ್ಕಿರಲಿಲ್ಲ. ಹೆಂಡ, ಬಿಯರ್ ಹುದುಗುವುದನ್ನು ನೋಡಿದವರು ಅದು ಜೀವಂತ ಯೀಸ್ಟ್‌ಗೆ ಮಾತ್ರ ಸಾಧ್ಯ ಎಂದು ನಂಬಿದ್ದರು. ಎನ್‌ಜೈಮ್ ಎಂಬ ಗ್ರೀಕ್ ಮೂಲದ ಪದದ ಅರ್ಥವೇ ಯೀಸ್ಟ್‌ನೊಳಗಿನದು ಎಂದು. ನಮ್ಮ ಕಿಣ್ವ ಎಂಬ ಪದವೂ ಸಂಸ್ಕೃತದಲ್ಲಿ ಮದ್ಯ ಹುದುಗಿಸಲು ಹಾಕುವ ಹೆಪ್ಪಿಗೆ ಇದ್ದ ಹೆಸರು. 1897ರಲ್ಲಿ ಎಡುವರ್ಡ್ ಬುಕ್ನರ್ ಯೀಸ್ಟನ್ನು ಮರಳಿನ ಜೊತೆ ಅರೆದು, ಹಿಂಡಿ, ರಸ ತೆಗೆದರು. ಜೀವಕೋಶಗಳೇ ಇಲ್ಲದ ಆ ರಸ ಸಕ್ಕರೆಯನ್ನು ಹುದುಗಿಸಿತು. ಜೀವ ಬೇಕಿಲ್ಲ, ಜೀವಕೋಶದೊಳಗಿನ ಯಾವುದೋ ವಸ್ತು ಸಾಕು ಎಂಬುದು ಗೊತ್ತಾಯಿತು. ಆ ವಸ್ತು ಯಾವುದು ಎಂಬ ಪ್ರಶ್ನೆ ಮಾತ್ರ ಹಾಗೇ ಉಳಿಯಿತು.

ಬೇಟೆಗೆ ಹೋಗಿ ಕೈ ಕಳೆದುಕೊಂಡ ಹುಡುಗ

ಜೇಮ್ಸ್ ಸಮ್ನರ್ ಹುಟ್ಟಿದ್ದು 1887ರ ನವೆಂಬರ್ 19ರಂದು, ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಕ್ಯಾಂಟನ್‌ನಲ್ಲಿ. ಅನುಕೂಲಸ್ಥ ಕುಟುಂಬ. ಹುಡುಗನಿಗೆ ಓದಿಗಿಂತ ಬಂದೂಕು ಹಿಡಿದು ಬೇಟೆಗೆ ಹೋಗುವುದು ಇಷ್ಟ.

ಹದಿನೇಳನೆಯ ವಯಸ್ಸಿನಲ್ಲಿ ಹಕ್ಕಿ ಬೇಟೆಗೆ ಹೋಗಿದ್ದಾಗ ಜೊತೆಗಾರನ ಬಂದೂಕಿನಿಂದ ಅಕಸ್ಮಾತ್ ಹಾರಿದ ಗುಂಡು ಅವರ ಎಡಗೈಗೆ ತಗುಲಿತು. ಮೊಣಕೈ ಕೆಳಗಿನ ಭಾಗವನ್ನು ಕತ್ತರಿಸಿ ತೆಗೆಯಬೇಕಾಯಿತು. ಅವರು ಎಡಚರು. ಬರೆಯುವುದು, ಉಣ್ಣುವುದು, ಗುಂಡಿ ಹಾಕಿಕೊಳ್ಳುವುದು ಎಲ್ಲವನ್ನೂ ಬಲಗೈಯಲ್ಲಿ ಮೊದಲಿನಿಂದ ಕಲಿಯಬೇಕಾಯಿತು. ಕಲಿತರು. ಅಷ್ಟಕ್ಕೇ ನಿಲ್ಲದೆ ಟೆನಿಸ್ ಆಡಿದರು, ಹಿಮದ ಮೇಲೆ ಸ್ಕೀ ಮಾಡಿದರು, ಮತ್ತೆ ಬಂದೂಕನ್ನೂ ಹಿಡಿದರು.

1910ರಲ್ಲಿ ಹಾರ್ವರ್ಡ್‌ನಲ್ಲಿ ರಸಾಯನಶಾಸ್ತ್ರದ ಪದವಿ ಮುಗಿಯಿತು. ಕೆಲವು ತಿಂಗಳು ಚಿಕ್ಕಪ್ಪನ ಬಟ್ಟೆ ಕಾರ್ಖಾನೆಯಲ್ಲಿ ದುಡಿದರು, ಮನಸ್ಸು ನಿಲ್ಲಲಿಲ್ಲ. ಸ್ವಲ್ಪ ಕಾಲ ಪಾಠ ಹೇಳಿದರು. 1912ರಲ್ಲಿ ಜೀವರಸಾಯನಶಾಸ್ತ್ರ ಕಲಿಯಬೇಕೆಂದು ಹಾರ್ವರ್ಡ್ ವೈದ್ಯಕೀಯ ಶಾಲೆಯ ಪ್ರೊಫೆಸರ್ ಓಟ್ಟೋ ಫೋಲಿನ್ ಬಳಿ ಹೋದರು.

ರಕ್ತ, ಮೂತ್ರದ ರಾಸಾಯನಿಕ ಪರೀಕ್ಷೆಗಳಲ್ಲಿ ಫೋಲಿನ್ ಆಗ ದೊಡ್ಡ ಹೆಸರು. ಗಾಜಿನ ನಳಿಗೆ, ಬುಡ್ಡಿ, ತಕ್ಕಡಿಗಳ ನಡುವೆ ಒಂದು ಕೈಯ ಯುವಕ ಏನು ಮಾಡಿಯಾನು ಎಂದು ಅವರಿಗೆ ಅನ್ನಿಸಿತು. ರಸಾಯನಶಾಸ್ತ್ರ ಬಿಟ್ಟು ಕಾನೂನು ಓದುವುದು ಒಳ್ಳೆಯದು ಎಂದು ಸಲಹೆ ಕೊಟ್ಟರು. ಸಮ್ನರ್ ಕೇಳಲಿಲ್ಲ. ಪಟ್ಟು ಹಿಡಿದು ಅಲ್ಲೇ ಸೇರಿ, 1914ರಲ್ಲಿ ಪಿಎಚ್.ಡಿ. ಪಡೆದರು. ವಿಷಯ: ಪ್ರಾಣಿಗಳ ದೇಹದಲ್ಲಿ ಯೂರಿಯಾ ಹೇಗೆ ತಯಾರಾಗುತ್ತದೆ. ಯೂರಿಯಾ ಅಲ್ಲಿಂದ ಅವರ ಬದುಕಿಗೆ ಅಂಟಿಕೊಂಡಿತು.

ಒಂದು ಕಾಳಿನ ಬೆನ್ನು ಹತ್ತಿ

ಅದೇ ವರ್ಷ ಯುರೋಪ್ ಪ್ರವಾಸದಲ್ಲಿದ್ದಾಗ ಮೊದಲ ಮಹಾಯುದ್ಧ ಶುರುವಾಗಿ ಸ್ವಿಟ್ಜರ್ಲೆಂಡ್‌ನಲ್ಲಿ ಸಿಕ್ಕಿಬಿದ್ದರು. ಕೆಲಸಕ್ಕೆ ಕರೆಯುವ ತಂತಿ ಸಂದೇಶ ಅಲ್ಲಿಗೇ ಬಂತು. ನ್ಯೂಯಾರ್ಕ್ ರಾಜ್ಯದ ಇಥಾಕಾ ಊರಿನ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಸಹಾಯಕ ಪ್ರೊಫೆಸರ್ ಹುದ್ದೆ. ಮುಂದಿನ ಜೀವನವೆಲ್ಲ ಅಲ್ಲೇ.

ಪಾಠದ ಹೊರೆ ಹೆಚ್ಚು, ಸಂಶೋಧನೆಗೆ ಸಮಯ ಕಡಿಮೆ. ಉಪಕರಣವೂ ಅಷ್ಟಕ್ಕಷ್ಟೆ, ಸಹಾಯಕರೂ ಅಷ್ಟಕ್ಕಷ್ಟೆ. ಇಷ್ಟು ಕಡಿಮೆ ಅನುಕೂಲದಲ್ಲಿ ಸಣ್ಣಪುಟ್ಟ ಕೆಲಸ ಮಾಡಿ ಫಲವಿಲ್ಲ, ಗೆದ್ದರೆ ದೊಡ್ಡದನ್ನೇ ಗೆಲ್ಲಬೇಕು ಎಂದು ಸಮ್ನರ್ ಲೆಕ್ಕ ಹಾಕಿದರು. 1917ರಲ್ಲಿ ಕೈ ಹಾಕಿದ್ದು ಅಲ್ಲಿಯವರೆಗೆ ಯಾರೂ ಮಾಡದ ಕೆಲಸಕ್ಕೆ: ಒಂದು ಕಿಣ್ವವನ್ನು ಪೂರ್ತಿ ಶುದ್ಧವಾಗಿ ಬೇರ್ಪಡಿಸುವುದು.

ಆರಿಸಿಕೊಂಡದ್ದು ಯೂರಿಯೇಸ್. ಅದು ಬ್ಯಾಕ್ಟೀರಿಯಾಗಳಲ್ಲಿ ಮಾತ್ರವಲ್ಲ, ಕೆಲವು ಕಾಳುಗಳಲ್ಲೂ ಇರುತ್ತದೆ. ಜಾಕ್ ಬೀನ್ ಎಂಬ ದಪ್ಪ ಬಿಳಿ ಕಾಳಿನಲ್ಲಿ ಅದು ತುಂಬಾ ಹೆಚ್ಚು. ಹೆಚ್ಚು ಇರುವ ಕಡೆಯಿಂದ ತೆಗೆಯುವುದು ಸುಲಭ ಎಂಬ ಸರಳ ಯೋಚನೆ. ಕಾಳನ್ನು ಹಿಟ್ಟು ಮಾಡಿ, ನೆನೆಸಿ, ಸೋಸಿ, ಬೇಡದ್ದನ್ನು ಒಂದೊಂದಾಗಿ ತೆಗೆಯುತ್ತಾ ಹೋಗುವುದು. ಹೇಳುವುದಕ್ಕೆ ಒಂದು ಸಾಲು, ಮಾಡಲು ಹಿಡಿದದ್ದು ಒಂಬತ್ತು ವರ್ಷ.

ನಡುವೆ ಬೇರೆ ಫಲಗಳೂ ಸಿಕ್ಕವು. 1919ರಲ್ಲಿ ಅದೇ ಕಾಳಿನಿಂದ ಕಾನ್‌ಕನವಾಲಿನ್ ಎಂಬ ಪ್ರೋಟೀನನ್ನು ಹರಳಾಗಿ ತೆಗೆದರು. 1921ರಲ್ಲಿ ಮೂತ್ರದಲ್ಲಿನ ಸಕ್ಕರೆ ಅಳೆಯಲು ಡಿಎನ್‌ಎಸ್ ಎಂಬ ರಾಸಾಯನಿಕದ ವಿಧಾನ ರೂಪಿಸಿದರು. ಬಯೋಕೆಮಿಸ್ಟ್ರಿ ಓದಿದ ನಮ್ಮ ವಿದ್ಯಾರ್ಥಿಗಳು ಲ್ಯಾಬ್‌ನಲ್ಲಿ ಇಂದಿಗೂ ಸಕ್ಕರೆ ಅಳೆಯಲು ಮಾಡುವ ಡಿಎನ್‌ಎಸ್ ಪ್ರಯೋಗ ಇದೇ.

ಅದೇ 1921ರಲ್ಲಿ, ಕಿಣ್ವಗಳ ಬಗ್ಗೆ ಪುಸ್ತಕಗಳನ್ನೇ ಬರೆದಿದ್ದ ಬ್ರಸೆಲ್ಸ್‌ನ ಜಾನ್ ಎಫ್ರೋಂ ಅವರ ಬಳಿ ಕೆಲಸ ಮಾಡಲು ಸಮ್ನರ್‌ಗೆ ಫೆಲೋಶಿಪ್ ಸಿಕ್ಕಿತು. ಯೂರಿಯೇಸನ್ನು ಶುದ್ಧವಾಗಿ ತೆಗೆಯುವ ಯೋಚನೆ ಕೇಳಿ ಎಫ್ರೋಂ ಅದನ್ನು ಹಾಸ್ಯಾಸ್ಪದ ಎಂದು ತಳ್ಳಿಹಾಕಿದರು. ಪ್ರಯಾಣ ರದ್ದಾಯಿತು. ಸಮ್ನರ್ ಮತ್ತೆ ಜಾಕ್ ಬೀನ್ ಹಿಟ್ಟಿನ ಮುಂದೆ ಕೂತರು.

ರಾತ್ರಿ ಬೆಳಗಾಗುವಷ್ಟರಲ್ಲಿ

ಈ ಕೆಲಸಕ್ಕೆ ತಂಪು ಬೇಕು. ಪ್ರಯೋಗಾಲಯದಲ್ಲಿ ಐಸ್ ಪೆಟ್ಟಿಗೆ ಇರಲಿಲ್ಲ. ಆಲ್ಕೋಹಾಲ್ ಬೆರೆಸಿದ ಕಾಳಿನ ರಸವನ್ನು ಗಾಜಿನ ಕೊಳವೆಗಳಲ್ಲಿ ತುಂಬಿ ಕಿಟಕಿಯ ಹೊರಗಿನ ಕಟ್ಟೆಯ ಮೇಲಿಟ್ಟು, ಚಳಿ ಬರಲಿ ಎಂದು ಕಾಯುತ್ತಿದ್ದರು.

1926ರಲ್ಲಿ ಆಲ್ಕೋಹಾಲ್ ಬದಲು ಅಸಿಟೋನ್ ಬಳಸಿ ನೋಡಿದರು. ಉಗುರುಬಣ್ಣ ಅಳಿಸುವ ದ್ರವದಲ್ಲಿ ಇರುತ್ತದಲ್ಲ, ಅದೇ ಅಸಿಟೋನ್. ಸುಮಾರು 32 ಪಾಲು ಅಸಿಟೋನ್, ಉಳಿದದ್ದು ನೀರು. ಅದರಲ್ಲಿ ಹಿಟ್ಟನ್ನು ಕಲಸಿ, ಸೋಸಲು ಬಿಟ್ಟು, ರಾತ್ರಿಯಿಡೀ ತಂಪಿನಲ್ಲಿಟ್ಟರು. ಬೆಳಿಗ್ಗೆ ಸೋಸಿ ಬಂದಿದ್ದ ದ್ರವದ ಒಂದು ಹನಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಎಂಟು ಮುಖಗಳ, ಬಣ್ಣವಿಲ್ಲದ ಪುಟ್ಟ ಹರಳುಗಳು!

ಆ ಹರಳುಗಳನ್ನು ಬೇರ್ಪಡಿಸಿ ಪರೀಕ್ಷಿಸಿದರು. ಪ್ರೋಟೀನ್‌ಗೆ ಮಾಡುವ ಪರೀಕ್ಷೆಗಳು ಹೌದು ಎಂದವು. ಯೂರಿಯಾಕ್ಕೆ ಬೆರೆಸಿದರೆ ಅದನ್ನು ಒಡೆಯುವ ಶಕ್ತಿ ಅಪಾರ. ಸಮ್ನರ್ ಫೋನಿನ ಬಳಿ ಹೋಗಿ ಹೆಂಡತಿಗೆ ಸುದ್ದಿ ತಿಳಿಸಿದರು: ಜಗತ್ತಿನ ಮೊದಲ ಕಿಣ್ವದ ಹರಳು ಸಿಕ್ಕಿದೆ.

ಹರಳಾದರೆ ಏನು ವಿಶೇಷ? ಕಲ್ಲುಸಕ್ಕರೆ ನೆನಪಿಸಿಕೊಳ್ಳಿ. ಒಂದೇ ಬಗೆಯ ಅಣುಗಳು ಸಾಲಾಗಿ, ಒಪ್ಪವಾಗಿ ಜೋಡಿಸಿಕೊಂಡಾಗ ಹರಳು ಬೆಳೆಯುತ್ತದೆ, ಕೊಳೆ ಹೆಚ್ಚಾಗಿ ದ್ರವದಲ್ಲೇ ಉಳಿಯುತ್ತದೆ. ಹಾಗಾಗಿ ಹರಳು ಎಂದರೆ ಹೆಚ್ಚುಕಡಿಮೆ ಶುದ್ಧ ವಸ್ತು. ಕಿಣ್ವ ಹರಳಾಯಿತೆಂದರೆ ಅದು ಜೀವವೂ ಅಲ್ಲ, ಕಣ್ಣಿಗೆ ಕಾಣದ ಶಕ್ತಿಯೂ ಅಲ್ಲ, ತಟ್ಟೆಯ ಮೇಲಿಟ್ಟು ತೂಗಬಹುದಾದ ವಸ್ತು. ಆ ವಸ್ತು ಪ್ರೋಟೀನ್.

ದೊಡ್ಡವರು ಒಪ್ಪಲಿಲ್ಲ

ಫಲಿತಾಂಶ ಅದೇ ವರ್ಷ ಪ್ರಕಟವಾಯಿತು. ಬಹಳ ಜನ ನಂಬಲಿಲ್ಲ. ವಿರೋಧಿಸಿದವರಲ್ಲಿ ಎತ್ತರದ ಹೆಸರು ಜರ್ಮನಿಯ ರಿಚರ್ಡ್ ವಿಲ್‌ಸ್ಟಾಟರ್. ಎಲೆಯ ಹಸಿರಿನ ಮೇಲಿನ ಸಂಶೋಧನೆಗೆ 1915ರಲ್ಲೇ ನೊಬೆಲ್ ಪಡೆದವರು. ಯೆಹೂದಿಗಳ ಮೇಲಿನ ದ್ವೇಷವನ್ನು ಪ್ರತಿಭಟಿಸಿ 1924ರಲ್ಲಿ ಮ್ಯೂನಿಕ್‌ನ ಪ್ರೊಫೆಸರ್ ಹುದ್ದೆಯನ್ನೇ ಬಿಟ್ಟ ಪ್ರಾಮಾಣಿಕ ವ್ಯಕ್ತಿ.

ಅವರ ವಾದಕ್ಕೆ ಆಧಾರವೂ ಇತ್ತು. ಅವರ ತಂಡ ಬೇರೆ ಕಿಣ್ವಗಳನ್ನು ಶುದ್ಧಮಾಡುತ್ತಾ ಹೋದಾಗ ಕೊನೆಗೆ ಉಳಿದ ದ್ರಾವಣ ಕಿಣ್ವದ ಕೆಲಸ ಮಾಡುತ್ತಿತ್ತು, ಆದರೆ ಪರೀಕ್ಷಿಸಿದರೆ ಅದರಲ್ಲಿ ಪ್ರೋಟೀನ್ ಸಿಗುತ್ತಿರಲಿಲ್ಲ. ಹಾಗಾದರೆ ಕಿಣ್ವ ಪ್ರೋಟೀನ್ ಅಲ್ಲ, ಪ್ರೋಟೀನ್ ಅದನ್ನು ಹೊತ್ತುಕೊಂಡಿರುವ ಗಾಡಿ ಮಾತ್ರ ಎಂಬುದು ಅವರ ತೀರ್ಮಾನ. ಸಮ್ನರ್ ಹರಳಿನಲ್ಲಿರುವುದು ಗಾಡಿ, ನಿಜವಾದ ಕಿಣ್ವ ಅದಕ್ಕೆ ಅಂಟಿಕೊಂಡಿರುವ ಬೇರೇನೋ ಎಂದು ಆ ಕಡೆಯವರು ವಾದಿಸಿದರು.

ಎಡವಿದ್ದು ಎಲ್ಲಿ ಎಂಬುದು ಇಂದು ಸ್ಪಷ್ಟವಾಗಿದೆ. ಕಿಣ್ವ ಅತಿ ಕಡಿಮೆ ಇದ್ದರೂ ಅದರ ಕೆಲಸ ಕಾಣುತ್ತದೆ. ಪ್ರೋಟೀನ್ ಪತ್ತೆಹಚ್ಚುವ ಆಗಿನ ಪರೀಕ್ಷೆಗಳಿಗೆ ಅಷ್ಟು ಸೂಕ್ಷ್ಮತೆ ಇರಲಿಲ್ಲ. ಪ್ರೋಟೀನ್ ಅಲ್ಲೇ ಇತ್ತು, ಕಾಣುತ್ತಿರಲಿಲ್ಲ ಅಷ್ಟೆ. ನಮ್ಮ ಪರೀಕ್ಷೆಗೆ ಸಿಗಲಿಲ್ಲ ಎನ್ನುವುದೂ ಇಲ್ಲವೇ ಇಲ್ಲ ಎನ್ನುವುದೂ ಒಂದೇ ಅಲ್ಲ.

ಸಮ್ನರ್ ಜಗಳಕ್ಕಿಂತ ಹೆಚ್ಚಾಗಿ ಪ್ರಯೋಗ ಮಾಡಿದರು. ಹರಳುಗಳನ್ನು ಕರಗಿಸಿ ಮತ್ತೆ ಹರಳು ಮಾಡಿದರು, ಶಕ್ತಿ ಪ್ರೋಟೀನ್ ಜೊತೆಗೇ ಬಂತು. ಪ್ರೋಟೀನನ್ನು ಕೆಡಿಸಿದರೆ ಶಕ್ತಿಯೂ ಹೋಯಿತು. ಒಂದರ ಮೇಲೊಂದು ಪ್ರಬಂಧ ಬರೆದರು. 1929ರಲ್ಲಿ ಕಾರ್ನೆಲ್ ಅವರನ್ನು ಪೂರ್ಣ ಪ್ರೊಫೆಸರ್ ಮಾಡಿತು. 1930ರಲ್ಲಿ ರಾಕ್‌ಫೆಲರ್ ಸಂಸ್ಥೆಯ ಜಾನ್ ನಾರ್ತ್ರಪ್, ಹೊಟ್ಟೆಯಲ್ಲಿ ಪ್ರೋಟೀನ್ ಜೀರ್ಣಿಸುವ ಪೆಪ್ಸಿನ್ ಕಿಣ್ವವನ್ನು ಹರಳು ಮಾಡಿದರು. ಅದೂ ಪ್ರೋಟೀನೇ. ಆಮೇಲೆ ಟ್ರಿಪ್ಸಿನ್, 1937ರಲ್ಲಿ ಸಮ್ನರ್ ಮತ್ತು ಅಲೆಕ್ಸಾಂಡರ್ ಡೌನ್ಸ್ ಕೈಯಲ್ಲಿ ಕ್ಯಾಟಲೇಸ್. ವಾದಕ್ಕೆ ಜಾಗವೇ ಉಳಿಯಲಿಲ್ಲ.

ಮೊದಲ ಹರಳು ಸಿಕ್ಕ 20 ವರ್ಷಕ್ಕೆ, 1946ರಲ್ಲಿ, ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿಯ ಅರ್ಧ ಪಾಲು ಸಮ್ನರ್‌ಗೆ, ಉಳಿದರ್ಧ ನಾರ್ತ್ರಪ್ ಮತ್ತು ವೆಂಡೆಲ್ ಸ್ಟಾನ್ಲಿಗೆ ಸಂದಿತು. ಕಾನೂನು ಓದು ಎಂದಿದ್ದ ಫೋಲಿನ್ ಅದನ್ನು ನೋಡಲು ಇರಲಿಲ್ಲ, 1934ರಲ್ಲೇ ತೀರಿಕೊಂಡಿದ್ದರು. ಸಮ್ನರ್ 1955ರ ಆಗಸ್ಟ್ 12ರಂದು ಕ್ಯಾನ್ಸರ್‌ನಿಂದ ನಿಧನರಾದರು.

ಯೂರಿಯೇಸ್ ಕಥೆ ಅವರ ನಂತರವೂ ಬೆಳೆಯಿತು. ಅದರ ಒಳಗೆ ನಿಕ್ಕಲ್ ಲೋಹ ಇದೆ ಎಂದು 1975ರಲ್ಲಿ ಗೊತ್ತಾಯಿತು. 1980ರ ದಶಕದಲ್ಲಿ ಆರ್‌ಎನ್‌ಎ ಅಣುಗಳಲ್ಲೂ ಕೆಲವು ಕಿಣ್ವದಂತೆ ಕೆಲಸ ಮಾಡುತ್ತವೆ ಎಂದು ತಿಳಿಯಿತು. ಹಾಗಾಗಿ ಇಂದು ಹೇಳುವ ಮಾತು: ಬಹುತೇಕ ಎಲ್ಲ ಕಿಣ್ವಗಳೂ ಪ್ರೋಟೀನ್.

ಸಮ್ನರ್ ಹುಡುಕಿದ್ದು ನಿಮ್ಮ ಲ್ಯಾಬ್ ರಿಪೋರ್ಟಿನಲ್ಲೂ ಇದೆ

ಕಿಡ್ನಿ ಸರಿಯಿದೆಯೇ ಎಂದು ನೋಡಲು ಬ್ಲಡ್ ಯೂರಿಯಾ ಟೆಸ್ಟ್ ಬರೆಯುತ್ತಾರಲ್ಲ, ಅದರಲ್ಲಿ ಹೆಚ್ಚಿನ ಲ್ಯಾಬ್‌ಗಳು ಯೂರಿಯಾ ಅಳೆಯಲು ಬಳಸುವುದು ಯೂರಿಯೇಸನ್ನೇ. ಹೊಟ್ಟೆ ಹುಣ್ಣಿಗೆ ಕಾರಣವಾಗುವ ಎಚ್. ಪೈಲೋರಿ ಬ್ಯಾಕ್ಟೀರಿಯಾ ಹೊಟ್ಟೆಯ ಆಮ್ಲದ ನಡುವೆ ಬದುಕುವುದೂ ಯೂರಿಯೇಸ್ ಬಲದಿಂದ. ಯೂರಿಯಾ ಒಡೆದು ಬರುವ ಅಮೋನಿಯಾ ಅದರ ಸುತ್ತಲಿನ ಆಮ್ಲವನ್ನು ತಣಿಸುತ್ತದೆ. ಎಂಡೋಸ್ಕೋಪಿಯಲ್ಲಿ ತೆಗೆದ ಚೂರನ್ನು ಯೂರಿಯಾ ಇರುವ ದ್ರಾವಣಕ್ಕೆ ಹಾಕಿ ಬಣ್ಣ ಬದಲಾಗುತ್ತದೆಯೇ ಎಂದು ನೋಡುವುದು, ಯೂರಿಯಾ ಕುಡಿಸಿ ಉಸಿರು ಪರೀಕ್ಷಿಸುವುದು ಎರಡೂ ಈ ಕಿಣ್ವವನ್ನು ಹಿಡಿಯುವ ಉಪಾಯಗಳೇ.

ಹೊಲದ ಮಣ್ಣಿನಲ್ಲೂ ಯೂರಿಯೇಸ್ ಇದೆ. ಯೂರಿಯಾ ಗೊಬ್ಬರವನ್ನು ಮೇಲೆ ಎರಚಿ ಹಾಗೇ ಬಿಟ್ಟರೆ ಒಂದು ಪಾಲು ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ. ಮಣ್ಣಿಗೆ ಸೇರಿಸಿ ಎಂದು ಕೃಷಿ ಅಧಿಕಾರಿಗಳು ಹೇಳುವುದು ಅದಕ್ಕೇ.

ಫಾರ್ವರ್ಡ್ ಮಾಡುವ ಮುನ್ನ

ಕಿಣ್ವ ಪ್ರೋಟೀನ್ ಎಂಬ ಒಂದು ಮಾತು ಗೊತ್ತಿದ್ದರೆ ಮೊಬೈಲಿಗೆ ಬರುವ ಎಷ್ಟೋ ಸಂದೇಶಗಳನ್ನು ನೀವೇ ತೂಗಿ ನೋಡಬಹುದು.

*ಬೇಯಿಸಿದರೆ ಕಿಣ್ವ ಸಾಯುತ್ತದೆ, ಎಲ್ಲವನ್ನೂ ಹಸಿಯಾಗಿ ತಿನ್ನಿ.* ಅರ್ಧ ಮಾತ್ರ ಸರಿ. ಬಿಸಿಗೆ ಮೊಟ್ಟೆಯ ಬಿಳಿ ಗಟ್ಟಿಯಾಗುವಂತೆ ಕಿಣ್ವವೂ ಆಕಾರ ಕೆಟ್ಟು ಕೆಲಸ ನಿಲ್ಲಿಸುತ್ತದೆ. ಅದಕ್ಕೆ ಜೀವವೇ ಇರಲಿಲ್ಲ, ಸಾಯುವ ಮಾತೆಲ್ಲಿ? ತರಕಾರಿಯ ಕಿಣ್ವಗಳು ಇರುವುದು ಆ ಗಿಡದ ಕೆಲಸಕ್ಕೆ. ನಮ್ಮ ಊಟ ಅರಗಿಸಲು ಬೇಕಾದ ಮುಖ್ಯ ಕಿಣ್ವಗಳನ್ನು ನಮ್ಮ ಜೊಲ್ಲುಗ್ರಂಥಿ, ಹೊಟ್ಟೆ, ಮೇದೋಜೀರಕ ಗ್ರಂಥಿ, ಸಣ್ಣ ಕರುಳು ತಯಾರಿಸುತ್ತವೆ. ಹಸಿ ಸೌತೆಕಾಯಿ, ಹಣ್ಣು ತಿನ್ನಿ, ಒಳ್ಳೆಯದೇ. ಕಾಳುಗಳ ವಿಷಯದಲ್ಲಿ ಮಾತ್ರ ಎಚ್ಚರ. ಸಮ್ನರ್ ಹರಳು ಮಾಡಿದ ಕಾನ್‌ಕನವಾಲಿನ್ ಲೆಕ್ಟಿನ್ ಎಂಬ ಗುಂಪಿಗೆ ಸೇರಿದ್ದು. ಅದೇ ಗುಂಪಿನ ಇನ್ನೊಂದು ಪ್ರೋಟೀನ್ ರಾಜ್ಮಾದಲ್ಲಿದೆ. ರಾಜ್ಮಾವನ್ನು ಹಸಿಯಾಗಿ ಅಥವಾ ಅರೆಬೆಂದದ್ದನ್ನು ತಿಂದರೆ ವಾಂತಿ, ಭೇದಿ ಆಗುವುದು ಅದರಿಂದ. ಚೆನ್ನಾಗಿ ಬೇಯಿಸಿದರೆ ಅದು ಕೆಲಸ ಕಳೆದುಕೊಳ್ಳುತ್ತದೆ.

*ಈ ಕಿಣ್ವ ಸೇವಿಸಿದರೆ ರಕ್ತಕ್ಕೆ ಸೇರಿ ಎಲ್ಲ ರೋಗ ತೊಳೆಯುತ್ತದೆ.* ನುಂಗಿದ ಪ್ರೋಟೀನ್ ಹೊಟ್ಟೆಗೆ ಹೋದರೆ ಅಲ್ಲಿ ಆಮ್ಲವೂ ನಾರ್ತ್ರಪ್ ಹರಳು ಮಾಡಿದ ಪೆಪ್ಸಿನ್ನೂ ಕಾದಿರುತ್ತವೆ. ಬೇಳೆಯ ಪ್ರೋಟೀನಿಗೆ ಆಗುವ ಗತಿಯೇ ಹೆಚ್ಚಾಗಿ ಕಿಣ್ವಕ್ಕೂ ಆಗುತ್ತದೆ: ತುಂಡಾಗಿ ಅಮೈನೋ ಆಮ್ಲಗಳಾಗುತ್ತದೆ.

*ಹಾಗಾದರೆ ಕಿಣ್ವದ ಮಾತ್ರೆಗಳೆಲ್ಲ ಸುಳ್ಳೇ?* ಅಲ್ಲ. ಮೇದೋಜೀರಕ ಗ್ರಂಥಿ ಕೆಟ್ಟು ಕಿಣ್ವ ಸಾಲದವರಿಗೆ ವೈದ್ಯರು ಕೊಡುವ ಕ್ಯಾಪ್ಸೂಲ್ ನಿಜವಾದ ಔಷಧ. ಹೊಟ್ಟೆಯ ಆಮ್ಲ ದಾಟಿ ಕರುಳಿನಲ್ಲಿ ಕರಗುವಂತೆ ಅದಕ್ಕೆ ಹೊದಿಕೆ ಇರುತ್ತದೆ. ಹಾಲಿನ ಸಕ್ಕರೆ ಅರಗದವರಿಗೆ ಲ್ಯಾಕ್ಟೇಸ್ ಕೂಡ ಹೀಗೇ ಉಪಯೋಗಕ್ಕೆ ಬರುತ್ತದೆ. ಎರಡೂ ಕೆಲಸ ಮಾಡುವುದು ಆಹಾರ ಇರುವ ಜಾಗದಲ್ಲೇ, ಇಲ್ಲದ ಒಂದು ಕಿಣ್ವದ ಬದಲಿಗೆ.

*ಬ್ಲಡ್ ಯೂರಿಯಾ ಜಾಸ್ತಿ ಬಂದಿದೆ, ಈ ಕಷಾಯ ಕುಡಿದರೆ ಇಳಿಯುತ್ತದೆ.* ನೀರು ಕಡಿಮೆ ಕುಡಿದರೂ ಯೂರಿಯಾ ಏರಬಹುದು, ಕಿಡ್ನಿ ಸೋತರೂ ಏರಬಹುದು. ಯಾವುದು ಎಂದು ಹೇಳಬೇಕಾದವರು ವೈದ್ಯರು. ಕಷಾಯ ನಂಬಿ ಕಳೆದ ತಿಂಗಳುಗಳಲ್ಲಿ ಕಿಡ್ನಿ ಇನ್ನಷ್ಟು ಹಾಳಾದರೆ ಅದನ್ನು ಹಿಂದಕ್ಕೆ ತರುವುದು ಬಹಳ ಕಷ್ಟ.

ಮುಂದಿನ ಸಲ ಕಿಣ್ವದ ಹೆಸರು ಹೊತ್ತ ಸಂದೇಶ ಬಂದಾಗ ಎರಡು ಪ್ರಶ್ನೆ ಕೇಳಿ. ಯಾವ ಕಿಣ್ವ, ಯಾವ ವಸ್ತುವಿನ ಮೇಲೆ ಕೆಲಸ ಮಾಡುತ್ತದೆ? ಅದು ಪ್ರೋಟೀನ್ ಆದರೆ ನನ್ನ ಹೊಟ್ಟೆ ದಾಟಿ ಅಲ್ಲಿಗೆ ಹೇಗೆ ಹೋಗುತ್ತದೆ? ಸಂದೇಶದಲ್ಲಿ ಇವೆರಡಕ್ಕೂ ಉತ್ತರ ಇಲ್ಲದಿದ್ದರೆ ಅದು ನಿಮ್ಮ ಫೋನಿನಲ್ಲೇ ನಿಲ್ಲಲಿ.